ಮೊಣಕೈಯ ರಕ್ತ, ಕೆನ್ನೆಯ ಹುಣ್ಣು

ನನ್ನ ಅತ್ತೆಯ ನಾಲಿಗೆ ಮಧುಗಿರಿ ತಾಲ್ಲೂಕಿನಲ್ಲೆಲ್ಲ ಹೆಸರುವಾಸಿಯಾಗಿತ್ತು. ಅರ್ಧ ಬೈಗುಳಕ್ಕೆ, ಅರ್ಧ ಹುಣಸೆಹಣ್ಣಿನ ರುಚಿ ನೋಡುವುದಕ್ಕೆ. ಬೈಗುಳದ ವಿಚಾರ ನನ್ನಷ್ಟು ಬಲ್ಲವರು ಯಾರೂ ಇಲ್ಲ, ಅದರಲ್ಲಿ ಬಹುಪಾಲು ನನಗೇ ಸಲ್ಲುತ್ತಿತ್ತು. ಹುಣಸೆಯ ವಿಚಾರವನ್ನು ಮಾತ್ರ ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಚೀಲದಿಂದ ಒಂದು ಹಣ್ಣು ತೆಗೆದು, ಮುರಿದು, ನಾಲಿಗೆಯ ತುದಿಗೆ ಮುಟ್ಟಿಸಿ, ಒಂದು ಕಣ್ಣು ಮುಚ್ಚಿ, "ಇದು ಕೆರೆ ಅಂಚಿನ ಮರದ್ದು, ನೀರು ಕುಡ್ದೈತೆ, ಮಳೆಗಾಲಕ್ಕೆ ಕಪ್ಪಾಯ್ತದೆ" ಎಂದುಬಿಡುತ್ತಿದ್ದರು. ಹಣ್ಣು ತಂದವನು ಹಲ್ಲು ಗಿಂಜುತ್ತಾ ಒಪ್ಪಿಕೊಳ್ಳುತ್ತಿದ್ದ.

ಇದು ಐವತ್ತರ ದಶಕದ ಕೊನೆಯ ಮಾತು. ನಾನು ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮಾವ ತೀರಿಕೊಂಡಿದ್ದರು. ಅತ್ತೆ, ಅವರ ಒಬ್ಬನೇ ಮಗನಾದ ನನ್ನ ಗಂಡ, ನಾನು, ಮನೆಯಲ್ಲಿ ಇಷ್ಟೇ ಜನ. ಒಬ್ಬಳು ಮಗಳನ್ನು ಪಾವಗಡಕ್ಕೆ ಕೊಟ್ಟಿದ್ದರು. ಮಿಡಿಗೇಶಿ, ದೊಡ್ಡೇರಿ ಕಡೆಯ ಹುಣಸೆಮರಗಳ ಫಸಲನ್ನು ಗುತ್ತಿಗೆಗೆ ಹಿಡಿದು, ಹಣ್ಣು ಉದುರಿಸಿ ತಂದು, ಮನೆಯ ಹಿತ್ತಲಲ್ಲಿ ಹೆಂಗಸರಿಂದ ಕುಟ್ಟಿಸಿ, ಬೀಜ, ನಾರು ತೆಗೆಸಿ, ಸಿರಾದ ಮಂಡಿಗೆ ಕಳಿಸುವುದು ನಮ್ಮ ಕಸುಬು. ಗಾಡಿ, ಚೀಲ, ಮಂಡಿ ನನ್ನ ಗಂಡನದು. ಮರ, ಹಣ್ಣು, ಹೆಂಗಸರು ಅತ್ತೆಯದು. ಅಡುಗೆ ನನ್ನದು.

ಹಾಗಿರುವಾಗ ಒಂದು ಹುಣಸೆ ಕಾಲದಲ್ಲಿ, ಹೊಸ ಫಸಲಿನ ಮೊದಲ ಗಾಡಿ ಬಂದ ದಿನ, ಅತ್ತೆ ಒಂದು ಹಣ್ಣನ್ನು ಮುರಿದು ನನ್ನ ಕೈಗೆ ಕೊಟ್ಟು, "ನೀನು ನೋಡೇ, ಹೆಂಗೈತೆ ಹೇಳು" ಎಂದರು. ನನಗೆ ಹಿಗ್ಗೋ ಹಿಗ್ಗು. ಹಿತ್ತಲಲ್ಲಿ ಕೂತಿದ್ದ ಹೆಂಗಸರೆಲ್ಲರ ಮುಂದೆ ನನಗೆ ಪಟ್ಟ ಕಟ್ಟಿದರು ಅಂದುಕೊಂಡೆ. ನಾಲಿಗೆ ಚಪ್ಪರಿಸಿ ಏನೋ ಒಂದು ಹೇಳಿದೆ. ಮಾರನೆಯ ದಿನವೂ ನನಗೇ ಕೊಟ್ಟರು. ಅದರ ಮಾರನೆಯ ದಿನವೂ. ಆಗ ನನಗೆ ಅನುಮಾನ ಬಂತು. ಈ ಹೆಂಗಸು ಉಪ್ಪಿನ ಡಬ್ಬಿಯನ್ನೇ ನನ್ನ ಕೈಗೆ ನಂಬಿ ಕೊಡದವರು, ಹುಣಸೆಯನ್ನು ಕೊಟ್ಟಾರೆಯೇ?

ಊಟದ ಹೊತ್ತಿಗೆ ಕಣ್ಣಿಟ್ಟೆ. ಮುದ್ದೆಯನ್ನು ಬಲಗಡೆಯಿಂದಲೇ ನುಂಗುತ್ತಿದ್ದರು. ಸಾರಿಗೆ ಖಾರ ಜಾಸ್ತಿ ಎಂದು ದಿನವೂ ಜಗಳ. ನಾನು ಹಾಕಿದ್ದು ಎಂದಿನ ಖಾರವೇ. ಒಂದು ಬೆಳಗ್ಗೆ ಹಿತ್ತಲ ಕಲ್ಲಿನ ಮೇಲೆ ಕೂತು ಬಾಯಿ ಮುಕ್ಕಳಿಸುತ್ತಿದ್ದಾಗ ನೀರು ಕೆಂಪಗೆ ಬಂತು. ನಾನು ಹೋಗಿ ಎದುರಿಗೆ ನಿಂತೆ.

"ಬಾಯಿ ತೆಗೀರಿ ಅತ್ತೆಮ್ಮ."

"ಯಾಕೆ, ಹಲ್ಲು ಎಣಿಸ್ತೀಯಾ? ನಾನೇನು ಸಂತೇಗೆ ಹೊಡ್ಕಂಡು ಬಂದ ದನಾನಾ?"

"ತೆಗೀರಿ ಅಂದ್ರೆ ತೆಗೀರಿ."

ಬೈಯುವುದಕ್ಕೆಂದೇ ಬಾಯಿ ತೆಗೆದರು. ಅಷ್ಟು ಸಾಕಾಯಿತು. ಎಡಗೆನ್ನೆಯ ಒಳಗೆ, ಅವರು ಹೊಗೆಸೊಪ್ಪಿನ ಉಂಡೆ ಒತ್ತರಿಸಿಕೊಂಡು ಮಲಗುತ್ತಿದ್ದ ಜಾಗದಲ್ಲೇ, ಬೆಳ್ಳಗೆ ಒಂದು ಪೊರೆ, ಅದರ ನಡುವೆ ಒಂದು ಹುಣ್ಣು. ಅಂಚು ಗಟ್ಟಿಯಾಗಿ ಎದ್ದಿತ್ತು. ನಮ್ಮ ಕಡೆಯ ಹೆಂಗಸರಿಗೆ ಹೊಗೆಸೊಪ್ಪನ್ನು ಜಗಿದು ಉಗಿಯುವುದಷ್ಟೇ ಸಾಲದು. ಅದನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ನಿದ್ದೆ ಮಾಡಬೇಕು. ಅತ್ತೆಯೂ ಮದುವೆಯಾದಂದಿನಿಂದ ಹಾಗೇ ಮಲಗಿದವರು.

"ರಕ್ತ ಕೆಟ್ಟೈತೆ ಕಣೇ, ಅದಕ್ಕೇ" ಎಂದರು ಅತ್ತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮೈಮೇಲೆ ಏನೇ ಎದ್ದರೂ ಅದು ರಕ್ತ ಕೆಟ್ಟದ್ದರಿಂದ. ಕಜ್ಜಿಯಾದರೂ ಸರಿ, ಕುರುವಾದರೂ ಸರಿ, ಮಗುವಿನ ತಲೆಯಲ್ಲಿ ಹುಣ್ಣಾದರೂ ಸರಿ. ಹೆಣ್ಣು ನೋಡಲು ಬಂದವರು ಸಹ ಮುಖದಲ್ಲಿ ಮೊಡವೆ ಕಂಡರೆ "ರಕ್ತ ಹೆಂಗೋ ಏನೋ" ಎಂದು ಪಿಸುಗುಟ್ಟಿಕೊಳ್ಳುತ್ತಿದ್ದರು. ಔಷಧವೂ ಒಂದೇ, ಸೊಗದೆ ಬೇರಿನ ಕಷಾಯ. ಅತ್ತೆ ಆಗಲೇ ನನಗೆ ಗೊತ್ತಾಗದ ಹಾಗೆ ಅದನ್ನು ಕುಡಿಯತೊಡಗಿ ತಿಂಗಳ ಮೇಲಾಗಿತ್ತು. ಹುಣ್ಣು ಮಾತ್ರ ಹಾಗೇ ಇತ್ತು.

ಗಂಡನಿಗೆ ಹೇಳಿ, ಇಬ್ಬರೂ ಸೇರಿ ಅವರನ್ನು ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಬೆಳಕಿಗೆ ತಿರುಗಿಸಿ ನೋಡಿದರು, ಬೆರಳು ಹಾಕಿ ಒತ್ತಿ ನೋಡಿದರು, ಕತ್ತಿನಲ್ಲಿ ಗಂಟು ಇದೆಯೇ ಎಂದು ತಡವಿದರು. ಆಮೇಲೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ಕ್ಯಾನ್ಸರ್ ಇದ್ದರೂ ಇರಬಹುದು. ಬೆಂಗಳೂರಿಗೆ ಹೋಗಿ. ಹುಣ್ಣಿನ ಅಂಚಿನಿಂದ ಒಂದು ಸಣ್ಣ ಚೂರು ಕೊಯ್ದು ನೋಡುತ್ತಾರೆ, ಆಗ ಗೊತ್ತಾಗುತ್ತದೆ" ಎಂದರು. ಪಕ್ಕಕ್ಕೆ ಕರೆದು ಹೇಳಿದರೆ ಅತ್ತೆಗೆ ಕೇಳಿಸುವುದಿಲ್ಲವೇ? ಕೊಯ್ಯುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೆರಗು ಕೊಡವಿಕೊಂಡು ಎದ್ದು, ನಮ್ಮನ್ನು ಅಲ್ಲೇ ಬಿಟ್ಟು ಮನೆಗೆ ನಡೆದುಬಿಟ್ಟರು.

"ಹುಣ್ಣಿಗೆ ಕಬ್ಬಿಣ ಸೋಕಿದ್ರೆ ಮೈಯೆಲ್ಲ ಹಬ್ಬುತ್ತೆ. ನಂಗೆ ಗೊತ್ತಿಲ್ವಾ? ನಾನು ಕೊಯ್ಸಲ್ಲ. ಸತ್ರೆ ಹುಣ್ಣಿನಿಂದ ಸಾಯ್ತೀನಿ, ಚಾಕುವಿಂದ ಸಾಯಲ್ಲ."

ನನ್ನ ಗಂಡ ಮೆದು ಮನುಷ್ಯ. ಅವ್ವನ ಎದುರಿಗಂತೂ ಬೆಣ್ಣೆ. ಅವರು ಒಂದು ನಡುದಾರಿ ಹುಡುಕಿದರು. "ಆಯ್ತವ್ವ, ಕೊಯ್ಸೋದು ಬ್ಯಾಡ. ತುಮಕೂರಲ್ಲಿ ರಕ್ತ ಪರೀಕ್ಷೆ ಮಾಡ್ತಾರಂತೆ. ಸೂಜಿ ಚುಚ್ಚಿ ಚೂರು ರಕ್ತ ತಗೀತಾರೆ, ಅಷ್ಟೇ. ಕೆಟ್ಟೈತೋ ಇಲ್ವೋ ಅಂತ ಅದ್ರಲ್ಲೇ ಗೊತ್ತಾಗ್ಬುಡುತ್ತೆ." ಅತ್ತೆ ಇದಕ್ಕೆ ಒಪ್ಪಿದರು. ರಕ್ತ ಕೆಟ್ಟಿದೆ ಎಂದು ಹೇಳುತ್ತಿದ್ದವರು ಅವರೇ ಆದ್ದರಿಂದ ಅದನ್ನು ನೋಡಿಸುವುದು ಅವರಿಗೂ ನ್ಯಾಯವಾಗಿ ಕಂಡಿತು. ನನಗೂ ಆಗ ತಪ್ಪೇನೂ ಕಾಣಲಿಲ್ಲ ಎನ್ನಿ.

ತುಮಕೂರಿಗೆ ಹೋದರು, ಮೊಣಕೈಯ ಮಡಿಕೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದರು. ಸ್ವಲ್ಪ ದಿನದಲ್ಲಿ ಗಂಡ ಹೋಗಿ ಫಲಿತಾಂಶದ ಕಾಗದ ತಂದರು. ರಕ್ತ ಚೆನ್ನಾಗಿದೆ. ಬಲವಾಗಿದೆ. ಯಾವ ದೋಷವೂ ಇಲ್ಲ.

ಆ ದಿನ ನಮ್ಮ ಮನೆಯಲ್ಲಿ ಹಬ್ಬ. ಒಬ್ಬಟ್ಟು ಮಾಡು ಎಂದರು, ಮಾಡಿದೆ. ಹಿತ್ತಲ ಹೆಂಗಸರಿಗೆಲ್ಲ ಎಲೆ ಹಾಕಿಸಿದರು. ದೇವರಿಗೆ ಈಡುಗಾಯಿ ಒಡೆದರು. ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿದರು. ಬೀದಿಯಲ್ಲಿ ಯಾರು ಎದುರಾದರೂ, "ನೋಡ್ರಮ್ಮ, ಈ ವಯಸ್ನಾಗೂ ನನ್ ರಕ್ತ ಎಂಥಾದ್ದು ಅಂತ ಸರ್ಕಾರಿ ಡಾಕ್ಟ್ರೇ ಬರ್ದು ಕೊಟ್ಟವ್ರೆ" ಎನ್ನುತ್ತಿದ್ದರು. ದೊಡ್ಡೇರಿಯಿಂದ ಅವರ ನಂಟರಿಬ್ಬರು ಬಂದು, ತಮ್ಮ ಕಾಲಿನ ಹುಣ್ಣಿಗೂ ತುಮಕೂರಿಗೆ ಹೋಗಿ ರಕ್ತ ಕೊಟ್ಟುಬಂದರು. ಒಂದು ತಿಂಗಳು ನಮ್ಮ ನಂಟರಿಷ್ಟರ ಮನೆಗಳಲ್ಲೆಲ್ಲ ರಕ್ತದ್ದೇ ಮಾತು.

ಹುಣ್ಣು ಮಾತ್ರ ಆ ಕಾಗದವನ್ನು ಓದಿರಲಿಲ್ಲ. ಅದು ತನ್ನ ಪಾಡಿಗೆ ದೊಡ್ಡದಾಗುತ್ತಿತ್ತು. ಅತ್ತೆ ಮುದ್ದೆ ಬಿಟ್ಟು ಅಂಬಲಿಗೆ ಇಳಿದರು. ಹುಣ್ಣಿರುವುದು ಹೌದು, ಆದರೆ ರಕ್ತ ಸರಿಯಿರುವುದರಿಂದ ಅದು ಬರೀ ಉಷ್ಣದ ಹುಣ್ಣು ಎಂದು ತೀರ್ಮಾನ ಕೊಟ್ಟರು. ಹೊಗೆಸೊಪ್ಪಿನ ಉಂಡೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸಾಗಿಸಿಕೊಂಡರು. ಇದನ್ನು ನೋಡಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಂದು ಸಲ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಅತ್ತೂ ಬಿಟ್ಟೆ. ನನ್ನನ್ನು ಹಗಲೆಲ್ಲ ಬೈಯುವ ಹೆಂಗಸು ಬದುಕಬೇಕು ಎಂದು ನನಗೇಕೆ ಅಷ್ಟು ಹಟವೋ, ಆಗ ನನಗೇ ಗೊತ್ತಿರಲಿಲ್ಲ. ನನಗೆ ತಾಯಿ ಇರಲಿಲ್ಲ, ಬಹುಶಃ ಅದೇ ಕಾರಣ.

ಆ ತಿಂಗಳು ನನ್ನ ತವರಿನ ಕಡೆಯ ಮದುವೆಗೆಂದು ಗಂಡನ ಜೊತೆ ಸಿರಾಕ್ಕೆ ಹೋಗಿದ್ದೆ. ನಮ್ಮ ಹುಣಸೆ ಕೊಳ್ಳುವ ಮಂಡಿಯ ಸಾಹೇಬರ ಮನೆಗೂ ಹೋದೆವು. ವಯಸ್ಸಾದವರು, ನಮ್ಮ ಮಾವನ ಕಾಲದ ಸ್ನೇಹ. ಅತ್ತೆಯ ಯೋಗಕ್ಷೇಮ ಕೇಳಿದರು. ನನ್ನ ಗಂಡ ರಕ್ತಪರೀಕ್ಷೆಯ ಸುದ್ದಿಯನ್ನು ಹಿಗ್ಗಿನಿಂದಲೇ ಹೇಳಿದರು. ಸಾಹೇಬರು ಚಹಾದ ಬಟ್ಟಲನ್ನು ಕೆಳಗಿಟ್ಟರು.

"ನಮ್ಮ ಆಪಾಗೂ ಇಂಗೇ ಆಗಿತ್ತು ತಂಗಿ" ಎಂದು ನನ್ನ ಕಡೆ ತಿರುಗಿ ಹೇಳಿದರು. ಆಪಾ ಎಂದರೆ ಅವರ ಅಕ್ಕ. "ಬಾಯಲ್ಲೇ. ರಕ್ತ ನೋಡಿಸಿದ್ವಿ, ಸಾಫ್ ಐತೆ ಅಂದ್ರು. ನಾವೆಲ್ಲ ಖುಷಿಯಾಗಿ ಮನೇಗೆ ಕರ್ಕಂಡು ಬಂದ್ವಿ. ಆರು ತಿಂಗಳು ಖುಷಿಯಾಗೇ ಇದ್ವಿ. ಆಮೇಲೆ ಗಂಟು ಕತ್ತಿಗೆ ಇಳೀತು. ಬೆಂಗಳೂರಿಗೆ ಹೋದ್ರೆ, ಈಗ ಯಾಕೆ ತಂದ್ರಿ ಅಂದ್ರು."

  ವಾಪಸ್ಸು ಬರುವಾಗ ಬಸ್ಸಿನಿಂದ ಮಧುಗಿರಿಯ ಬೆಟ್ಟ ಕಾಣಿಸಿದಾಗ ನನ್ನ ಗಂಡ, "ಅವ್ವಂಗೆ ನೀನೇ ಹೇಳು, ನನ್ ಕೈಲಾಗಲ್ಲ" ಎಂದರು. ಇಂಥ ಕೆಲಸಗಳನ್ನೆಲ್ಲ ಗಂಡಸರು ನಮಗೇ ಬಿಡುತ್ತಾರೆ.

ಹೇಳಿದೆ. ಬೇಡಿಕೊಂಡೆ. ಜಗಳ ಮಾಡಿದೆ. ಅತ್ತೆ ಪ್ರತಿ ಸಲವೂ ದೇವರ ಗೂಡಿನ ಕಡೆ ಕೈ ತೋರಿಸಿದರು. ಸುದ್ದಿ ಕೇಳಿ ಪಾವಗಡದಿಂದ ನಾದಿನಿ ಬಂದಳು. ಅವಳು ಬಂದರೆ ನನಗೆ ಬಲ ಬರುತ್ತದೆ ಅಂದುಕೊಂಡಿದ್ದೆ. ಅವಳು ಅವ್ವನನ್ನು ತಬ್ಬಿಕೊಂಡು ಅತ್ತಳು. ಅತ್ತೆಯೂ ಅತ್ತರು. "ನನ್ನ ಕೊಯ್ಸಬ್ಯಾಡ್ರವ್ವಾ" ಎಂದು ಅವರು ಅತ್ತ ಆ ದನಿಯನ್ನು ನಾನು ಅದುವರೆಗೂ ಕೇಳಿರಲಿಲ್ಲ. ನಾದಿನಿ ನನ್ನ ಕೈ ಹಿಡಿದು, "ವದ್ದು ವದಿನಾ, ಬ್ಯಾಡ ಅತ್ಗೆ, ಬುಟ್ಬುಡು. ರಕ್ತ ಬಾಗುಂದಿ, ಚೆನ್ನಾಗೈತೆ ಅಂದವ್ರಲ್ಲ, ಇನ್ಯಾಕೆ ಅವ್ವನ್ನ ನೋಯಿಸ್ತೀಯಾ" ಎಂದು ತನ್ನೂರಿನ ತೆಲುಗು ಬೆರೆಸಿ ಬೇಡಿಕೊಂಡಳು. ಅವಳ ಕರುಳು ನನಗೆ ಅರ್ಥವಾಗುತ್ತಿತ್ತು. ಆದರೂ ಅವಳ ಮೇಲೆ ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ದಾರಿ ತೋರಿಸಿದವರು ಅತ್ತೆಯೇ. ನಾದಿನಿ ಬಂದ ಎರಡನೆಯ ದಿನ ಮಿಡಿಗೇಶಿ ಕಡೆಯಿಂದ ಒಬ್ಬ ರೈತ ಬಂದ. ತನ್ನ ತೋಪಿನ ಫಸಲನ್ನು ನಮಗೆ ಕೊಡಬೇಕೆಂದು ಅವನ ಆಸೆ. ಮಾದರಿಗೆಂದು ಒಂದು ಕುಕ್ಕೆ ಹಣ್ಣು ತಂದಿದ್ದ. ಹೆಬ್ಬೆರಳು ಗಾತ್ರದ, ಬೆಲ್ಲದ ಬಣ್ಣದ ಹಣ್ಣು. ಹಿತ್ತಲ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಅತ್ತೆ ಕುಕ್ಕೆಯನ್ನು ಕಾಲಿನಿಂದ ಅತ್ತ ಸರಿಸಿದರು.

"ಇದು ನಿಮ್ಮನೆ ಮುಂದ್ಲ ಮರದ್ದು ಕಣಪ್ಪ. ನೀನು ಮಾರೋದು ತೋಪಿನ ಮರ. ಆ ಮರದ ಕೊಂಬೆ ಹಿಡ್ದು, ಅದೇ ಮರದ ಕಾಯಿ ಮುರ್ದು ತೋರ್ಸು, ಆಮೇಲೆ ಮಾತು. ಕುಕ್ಕೇಲಿ ತಂದಿದ್ದನ್ನ ನೋಡಿ ಮರ ಹಿಡಿಯೋಕೆ ನಾನೇನು ನೆನ್ನೆ ಮೊನ್ನೆ ಹುಟ್ಟಿದೋಳಾ?"

ನಾನು ಹೆಂಗಸರಿಗೆ ನೀರು ಕೊಡಲು ಬಂದವಳು ಕೊಡವನ್ನು ಅಲ್ಲೇ ಇಟ್ಟೆ.

"ಅತ್ತೆಮ್ಮ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಹುಣ್ಣು ಇರೋದು ಎಲ್ಲಿ?"

"ಏನೇ ಅದು ಮಧ್ಯದಲ್ಲಿ?"

"ಹುಣ್ಣು ಇರೋದು ಕೆನ್ನೇಲಿ. ರಕ್ತ ತೆಗ್ದಿದ್ದು ಮೊಣಕೈಲಿ. ಇವರು ಮನೆ ಮುಂದ್ಲ ಮರದ ಹಣ್ಣು ತಂದು ತೋಪಿನ ಮರ ಚೆನ್ನಾಗೈತೆ ಅಂದ್ರೆ ನೀವು ಒಪ್ಪಲ್ಲ. ಮೊಣಕೈ ರಕ್ತ ತಗಂಡು ಕೆನ್ನೆ ಚೆನ್ನಾಗೈತೆ ಅಂದ್ರೆ ಹೆಂಗೆ ಒಪ್ಪಿದ್ರಿ? ಯಾವ ಮರ ಕೊಳ್ಳಬೇಕೋ ಆ ಮರದ ಕಾಯೇ ಮುರೀಬೇಕು ಅಂತ ನನಗೆ ಕಲ್ಸಿದ್ದು ಯಾರು?"

ಕುಟ್ಟುತ್ತಿದ್ದ ಕೈಗಳೆಲ್ಲ ನಿಂತವು. ಆ ರೈತ ಪಾಪ, ತನ್ನ ಕುಕ್ಕೆಗೂ ಇವರ ಕೆನ್ನೆಗೂ ಏನು ನಂಟು ಎಂದು ತಿಳಿಯದೆ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದ. ಅತ್ತೆಯ ಮುಖ ಕೆಂಪಾಯಿತು. ಕೆಲಸದ ವಿಚಾರದಲ್ಲಿ ಅವರನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಅತ್ತರೆ ಕರಗುವವರು, ಬೈದರೆ ಓಡುವವರು ಮಾತ್ರ ಅವರಿಗೆ ಸಿಕ್ಕಿದ್ದರು. ಒಬ್ಬಳು ಹೆಂಗಸು ಮೆಲ್ಲಗೆ, "ಅವ್ಳು ಅನ್ನೋದ್ರಲ್ಲಿ ನ್ಯಾಯ ಐತೆ ಕಣಕ್ಕ" ಎಂದಳು.

ಅತ್ತೆ ಎದ್ದು ನಿಂತರು. "ಸರಿ. ಕೊಯ್ಸೋಣ ನಡಿ. ಏನೂ ಇಲ್ಲ ಅಂತ ಬಂತೂ ಅಂದ್ರೆ, ಇದೇ ಹಿತ್ತಲಲ್ಲಿ, ಇವರೆಲ್ಲರ ಮುಂದೆ, ತಪ್ಪಾಯ್ತು ಅಂತ ನನ್ ಕಾಲಿಗೆ ಬೀಳ್ಬೇಕು."

"ಬೀಳ್ತೀನಿ. ಇದೆ ಅಂತ ಬಂದ್ರೆ?"

"ಬಂದ್ರೆ, ಕೊನೇವರ್ಗೂ ನೀನು ಹೇಳ್ದಂಗೆ ಕೇಳ್ತೀನಿ."

ಹೀಗೆ ನಾವು ಬೆಂಗಳೂರಿಗೆ ಹೋದದ್ದು ಪಂದ್ಯ ಕಟ್ಟಿಕೊಂಡು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರೂ ಮುಖ ಆಚೆ ಈಚೆ. ಕೊರಟಗೆರೆ ದಾಟುವಾಗ ನಾನು ಮನಸ್ಸಿನಲ್ಲೇ ಗೊರವನಹಳ್ಳಿಯ ತಾಯಿಗೆ ಕೈಮುಗಿದು, ನಾನು ಸೋಲುವಂತಾಗಲಿ ತಾಯಿ, ಹಿತ್ತಲಲ್ಲೇನು, ಬಜಾರಿನ ನಡುವೆ ಬೇಕಾದರೂ ಇವರ ಕಾಲಿಗೆ ಬೀಳುತ್ತೇನೆ ಎಂದು ಕೇಳಿಕೊಂಡೆ. ಸೋಲಬೇಕೆಂದು ಅಷ್ಟು ಆಸೆಪಟ್ಟದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಮರಗಟ್ಟಿಸುವ ಸೂಜಿ ಕೊಟ್ಟು, ಹುಣ್ಣಿನ ಅಂಚಿನಿಂದ ಹುಣಸೆಬೀಜಕ್ಕಿಂತ ಸಣ್ಣ ಚೂರನ್ನು ತೆಗೆದರು. ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆಯೊಂದು ಒಡೆದೇ ಹೋಯಿತು. ಮುಗಿದ ಮೇಲೆ, "ಇಷ್ಟೇನಾ?" ಎಂದರು. ಆ ಚೂರಿನ ಫಲಿತಾಂಶ ಬರುವ ತನಕ ಹತ್ತಿರದ ಛತ್ರದಲ್ಲಿ ಉಳಿದೆವು.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಕ್ಯಾನ್ಸರ್ ಹೌದು. ಆದರೆ ಇನ್ನೂ ಕೆನ್ನೆಯಲ್ಲೇ ಇದೆ, ಕತ್ತಿಗೆ ಇಳಿದಿಲ್ಲ. ಆಪರೇಷನ್ ಮಾಡಿ, ಆಮೇಲೆ ಕರೆಂಟು, ಎಂದರೆ ವಿಕಿರಣ, ಇಟ್ಟರೆ ವಾಸಿಯಾಗುವ ಭರವಸೆ ಚೆನ್ನಾಗಿದೆ. ಇನ್ನಷ್ಟು ತಡವಾಗಿದ್ದರೆ ಈ ಮಾತು ಹೇಳಲು ಆಗುತ್ತಿರಲಿಲ್ಲ.

ಅತ್ತೆ ನನ್ನ ಕಡೆ ತಿರುಗಿ, "ಗೆದ್ದೆ ಕಣೇ ಮೂಳಿ" ಎಂದರು.  ಆಮೇಲೆ ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡರು. "ಅಂಗಾರೆ ಆ ರಕ್ತ ನೋಡಿದೋರು ಸುಳ್ಳು ಹೇಳಿದ್ರಾ ಸ್ವಾಮಿ?"

"ಇಲ್ಲಮ್ಮ, ನಿಜವನ್ನೇ ಹೇಳಿದ್ದಾರೆ. ನಿಮ್ಮ ರಕ್ತ ಚೆನ್ನಾಗೇ ಇದೆ. ಈ ಕಾಯಿಲೆ ಇರುವವರ ರಕ್ತ ಎಷ್ಟೋ ಸಲ ಚೆನ್ನಾಗೇ ಇರುತ್ತದೆ. ಇಲ್ಲದವರ ರಕ್ತದಲ್ಲೂ ಏನಾದರೂ ಏರುಪೇರು ಇರುತ್ತದೆ. ರಕ್ತಕ್ಕೇ ಬರುವ ಕ್ಯಾನ್ಸರ್ ಒಂದಿದೆ, ಅದಾದರೆ ರಕ್ತದಲ್ಲಿ ಕಾಣಬಹುದು. ಕೆನ್ನೆಯದನ್ನು ಕೆನ್ನೆಯಲ್ಲೇ ನೋಡಬೇಕು. ಆದರೆ ರಕ್ತ ಬಲವಾಗಿರುವುದು ಒಳ್ಳೆಯದೇ ಆಯಿತು, ಆಪರೇಷನ್ ತಡೆದುಕೊಳ್ಳುತ್ತೀರಿ."

ಈ ಕೊನೆಯ ಮಾತು ಅತ್ತೆಗೆ ಬಹಳ ಹಿಡಿಸಿತು. "ನೋಡ್ದೇನೇ, ನನ್ ರಕ್ತ ದಂಡವಾಗ್ಲಿಲ್ಲ" ಎಂದು ನನ್ನ ಭುಜಕ್ಕೆ ತಿವಿದರು. ಪಂದ್ಯ ಸೋತರೂ ಪೂರ್ತಿ ಸೋಲುವ ಜಾಯಮಾನ ಅವರದಲ್ಲ.

ಕೊಟ್ಟ ಮಾತನ್ನು ಉಳಿಸಿಕೊಂಡರು. ಸೊಂಟದ ಚೀಲದಲ್ಲಿದ್ದ ಹೊಗೆಸೊಪ್ಪನ್ನು ಆಸ್ಪತ್ರೆಯ ಹಿಂದಿನ ಕಸದ ಗುಂಡಿಗೆ ತಾವೇ ಎಸೆದರು. ಎಸೆದ ಮೇಲೆ ವಾರಗಟ್ಟಲೆ ವಾರ್ಡಿನ ಪ್ರತಿಯೊಬ್ಬರ ಮೇಲೂ ಹರಿಹಾಯ್ದರು. ನರ್ಸಮ್ಮನವರು ನನ್ನನ್ನು ಕರೆದು, "ನಿಮ್ಮತ್ತೆ ಮನೇಲೂ ಹೀಗೇನಾ?" ಎಂದು ಕೇಳಿದರು. ಮನೆಯಲ್ಲಿ ಇದಕ್ಕಿಂತ ಜೋರು ಎಂದೆ. ಆಪರೇಷನ್ನಿನ ದಿನ ಊರಿನಿಂದ ಬಂದ ನನ್ನ ಗಂಡ ಹೊರಗಿನ ಮರದ ಕೆಳಗೆ ಕೂತವರು ಏಳಲೇ ಇಲ್ಲ. ಆಮೇಲೆ ಕರೆಂಟು ಇಟ್ಟ ದಿನಗಳು ಕಷ್ಟದವು. ಬಾಯೆಲ್ಲ ಬೆಂದಂತಾಗಿ ಗಂಜಿಯೂ ಇಳಿಯುತ್ತಿರಲಿಲ್ಲ. ನಾನು ಚಮಚದಲ್ಲಿ ಮಜ್ಜಿಗೆ ಹಾಕುತ್ತಿದ್ದೆ, ಅವರು ಕಣ್ಣಲ್ಲೇ ಬೈಯುತ್ತಿದ್ದರು. ಬಾಯಲ್ಲಿ ಬೈಯುವ ದಿನ ಯಾವಾಗ ಬರುತ್ತದೋ ಎಂದು ನಾನು ಕಾಯುತ್ತಿದ್ದೆ.

ಬಂತು. ಮಧುಗಿರಿಗೆ ವಾಪಸ್ಸಾದ ದಿನ ಬೀದಿಯ ಜನವೆಲ್ಲ ನೆರೆದಿದ್ದರು. ಎಡಗೆನ್ನೆ ಸ್ವಲ್ಪ ಒಳಗೆ ಹೋಗಿತ್ತು, ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯುತ್ತಿರಲಿಲ್ಲ, ಕೆಲವು ಅಕ್ಷರಗಳು ತೊದಲುತ್ತಿದ್ದವು. ಆದರೆ ಹಿತ್ತಲಿಗೆ ಕಾಲಿಟ್ಟವರೇ, ನಾವಿಲ್ಲದಾಗ ಹೆಂಗಸರು ಸರಿಯಾಗಿ ನಾರು ತೆಗೆಯದೆ ಗುಡ್ಡೆ ಹಾಕಿದ್ದ ಹಣ್ಣನ್ನು ನೋಡಿ, ಬೀದಿಯ ತುದಿಗೆ ಕೇಳುವ ಹಾಗೆ ಕೂಗಾಡಿದರು. ಬೈಸಿಕೊಂಡ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ.

ಮುಂದಿನ ಹುಣಸೆ ಕಾಲಕ್ಕೆ ನಮ್ಮ ಹಿತ್ತಲಲ್ಲಿ ಹೊಸದೊಂದು ಪದ್ಧತಿ ಶುರುವಾಯಿತು. ಬೆಳಗ್ಗೆ ಕೆಲಸಕ್ಕೆ ಬಂದವರು ನೇರವಾಗಿ ಕುಟ್ಟುವ ಕಲ್ಲಿನ ಹತ್ತಿರ ಹೋಗುವ ಹಾಗಿರಲಿಲ್ಲ. ಮೊದಲು ಅತ್ತೆಯ ಎದುರು, ಬಿಸಿಲಿಗೆ ಮುಖ ಮಾಡಿ ನಿಲ್ಲಬೇಕು. "ಬಾಯಿ ತೆಗಿ. ಆ ಕಡೆ. ಈ ಕಡೆ. ನಾಲ್ಗೆ ಎತ್ತು. ಹೋಗು." ವಾರಕ್ಕೊಂದು ದಿನ ಈ ಪರೀಕ್ಷೆ. ಮೊದಮೊದಲು ನಾಚಿಕೆಪಟ್ಟವರು ಆಮೇಲೆ ತಾವೇ ಅತ್ತಿಗೆ ನಾದಿನಿಯರನ್ನು ಕರೆತಂದರು. ಮರ ನೋಡಲು ಮಿಡಿಗೇಶಿಗೆ ಹೋದರೆ ಅಲ್ಲೂ ಜಗಲಿಯ ಮೇಲೆ ಕೂತು ಹೆಂಗಸರ ಬಾಯಿ ನೋಡಿ ಬರುತ್ತಿದ್ದರು. ಅರ್ಧಕ್ಕರ್ಧ ಬರೀ ಹಲ್ಲು ಕಚ್ಚಿಕೊಂಡ ಗಾಯಗಳು. ಅದಕ್ಕೂ ಅತ್ತೆ ಡಾಕ್ಟರ ಹತ್ತಿರ ಅಟ್ಟುತ್ತಿದ್ದರು. ನಮ್ಮೂರಿನ ಡಾಕ್ಟರು ಒಂದು ಸಲ ನನ್ನ ಗಂಡನಿಗೆ, ನಿಮ್ಮ ತಾಯಿಯವರು ನನಗೆ ಕೆಲಸ ಹೆಚ್ಚು ಮಾಡಿಟ್ಟಿದ್ದಾರೆ ಎಂದು ನಕ್ಕು ಹೇಳಿದರಂತೆ.

ನಮ್ಮಲ್ಲೇ ಕುಟ್ಟುತ್ತಿದ್ದ ಒಬ್ಬ ಎಳೆಯ ಬಾಣಂತಿಯ ಕೆನ್ನೆಯಲ್ಲಿ ಬಿಳಿ ಪೊರೆ ಕಂಡಾಗ ಮಾತ್ರ ಅತ್ತೆ ಬೈಯಲಿಲ್ಲ. ಅವಳ ಮಗುವನ್ನು ನನ್ನ ಮಡಿಲಿಗೆ ಹಾಕಿ, ಅವಳನ್ನು ತಾವೇ ಬೆಂಗಳೂರಿಗೆ ಕರೆದುಕೊಂಡು ಹೋದರು. ಅದು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಹೊಗೆಸೊಪ್ಪು ಬಿಟ್ಟರೆ ಕಡಿಮೆಯಾಗಬಹುದು, ಆಗಾಗ ಬಂದು ತೋರಿಸಿ ಎಂದರಂತೆ. ಬಿಟ್ಟಳು, ಕಡಿಮೆಯಾಯಿತು. ತಾವರೆಕೆರೆ ಕಡೆಯ ನಮ್ಮ ನಂಟರ ಹೆಂಗಸೊಬ್ಬರು ಮಾತು ಕೇಳದೆ ಮಂತ್ರ ಹಾಕಿಸಿಕೊಂಡು ಕೂತರು. ಅವರು ಉಳಿಯಲಿಲ್ಲ. ಅತ್ತೆ ಆ ಮನೆಯ ತಿಥಿಗೆ ಹೋಗಿ ಬಂದು ಎರಡು ದಿನ ಊಟ ಬಿಟ್ಟಿದ್ದರು.

ಈಗ ನನಗೂ ಅತ್ತೆಯ ಆಗಿನ ವಯಸ್ಸು ದಾಟಿದೆ. ಈಗ ಏನೇನೋ ರಕ್ತಪರೀಕ್ಷೆಗಳು ಬಂದಿವೆ. ಅವುಗಳಿಂದ ಉಪಯೋಗವಿಲ್ಲ ಎನ್ನುವಷ್ಟು ಹಟಮಾರಿ ನಾನಲ್ಲ. ಆದರೆ ನಮ್ಮ ಮನೆಗೆ ಬರುವವರು "ಬ್ಲಡ್ ಟೆಸ್ಟ್ ಮಾಡಿಸಿದೆ, ಎಲ್ಲ ನಾರ್ಮಲ್" ಎಂದು ಎದೆ ಉಬ್ಬಿಸಿದಾಗ, ಯಾವುದಕ್ಕಾಗಿ ಮಾಡಿಸಿದಿರಿ, ಎಲ್ಲಿ ನೋವು, ಆ ಜಾಗವನ್ನು ಡಾಕ್ಟರು ಮುಟ್ಟಿ ನೋಡಿದರೇ ಎಂದು ಕೇಳದೆ ನನ್ನಿಂದ ಇರಲಾಗುವುದಿಲ್ಲ. ಇನ್ನು ಕೆಲವರು ರಕ್ತದಲ್ಲಿ ಯಾವುದೋ ಒಂದು ಅಂಶ ಹೆಚ್ಚಾಗಿದೆ ಎಂದು ಆಗಲೇ ಸತ್ತವರಂತೆ ಮುಖ ಮಾಡಿಕೊಂಡು ಬರುತ್ತಾರೆ. ಅವರಿಗೂ ಅದೇ ಮಾತು ಹೇಳುತ್ತೇನೆ. ಮೊಮ್ಮಕ್ಕಳಿಗೆ ಇದು ಅಜ್ಜಿಯ ತಕರಾರಿನಂತೆ ಕಾಣುತ್ತದೆ.

ಅರವತ್ತರ ದಶಕದ ನಡುವಿನ ಒಂದು ವರ್ಷ ತಪಾಸಣೆಗೆಂದು ಹೋದಾಗ ಬೆಂಗಳೂರಿನ ಡಾಕ್ಟರು ಅತ್ತೆಯ ಬಾಯಿ, ಕತ್ತು ಎಲ್ಲ ನೋಡಿ, "ಇಷ್ಟು ವರ್ಷವಾಯಿತು, ಏನೂ ಇಲ್ಲ. ಇನ್ನು ಮೇಲೆ ತಪ್ಪದೆ ಬರಬೇಕೆಂದಿಲ್ಲ. ಏನಾದರೂ ಕಂಡರೆ ಮಾತ್ರ ಬನ್ನಿ" ಎಂದು ಕೈಮುಗಿದರು. ಅತ್ತೆಯೂ ಮುಗಿದರು. ಹೊರಗೆ ಬಂದು ಇಬ್ಬರೂ ಹೋಟೆಲಿಗೆ ನುಗ್ಗಿ ಮಸಾಲೆದೋಸೆ ತಿಂದೆವು. ನನ್ನ ಮದುವೆಯಾದ ಮೇಲೆ ನಾನು ಅಷ್ಟು ಸಂತೋಷವಾಗಿ ಎಂದೂ ತಿಂದಿರಲಿಲ್ಲ.

ಬಸ್ಸು ಕೊರಟಗೆರೆಯಲ್ಲಿ ನಿಂತಾಗ ಹೂವಿನ ಬುಟ್ಟಿ ಹಿಡಿದ ಮುದುಕಿಯೊಬ್ಬಳು ಹತ್ತಿ ನಮ್ಮ ಪಕ್ಕ ಕೂತಳು. ಅತ್ತೆಯ ಕೆನ್ನೆಯನ್ನು ದಿಟ್ಟಿಸಿ, ಏನಾಯಿತೆಂದು ಕೇಳಿದಳು. ಅತ್ತೆ ಮೊದಲಿಂದ ಕೊನೆಯವರೆಗೆ, ಬಸ್ಸಿಗೆ ಬಸ್ಸೇ ಕೇಳುವ ಹಾಗೆ, ಎಲ್ಲವನ್ನೂ ಹೇಳಿದರು. ಮುದುಕಿಗೆ ಕಣ್ಣು ತುಂಬಿ ಬಂತು. ನನ್ನ ಗಲ್ಲ ಸವರಿ, "ಮಗಳು ಅಂದ್ರೆ ಇಂಥೋಳು ಇರ್ಬೇಕು ಬುಡವ್ವ. ಮಗಳಾದ್ದಕ್ಕೆ ಉಳಿಸ್ಕಂಡ್ಲು" ಎಂದಳು.

"ಮಗಳಲ್ಲ ಕಣಮ್ಮ" ಎಂದರು ಅತ್ತೆ. "ಮಗಳಾಗಿದ್ರೆ ನಾನು ಅತ್ತಾಗ ತಾನೂ ಅತ್ಬುಟ್ಟು ನನ್ನ ಬುಟ್ಬುಡೋಳು. ಇವಳು ಸೊಸೆ. ಬುಡ್ಲಿಲ್ಲ. ಅದಕ್ಕೇ ನಾನು ಇಲ್ಲಿ ಕುಂತಿವ್ನಿ."